ಜಿಪ್ಸಿ ಕಿಂಗ್: ಹಿಂದಿನ ಬ್ಲೇಡ್ ಸೆಟ್ (ಲೀಫ್ ಸ್ಪ್ರಿಂಗ್ ಪಟ್ಟಿಗಳು) ಕೂತಿದೆ. ಕಮಾನು (ಬಾಗು) ಕೊಡಿಸುವುದೋ, ಬ್ಲೇಡ್ ಸೇರಿಸುವುದೋ?

ತೋಟದಗಾಡಿ413

ಗಾಡಿ 2003ರ ಮಾರುತಿ ಜಿಪ್ಸಿ ಕಿಂಗ್, ಹಾರ್ಡ್ ಟಾಪ್. ಮೂಡಿಗೆರೆ ಕಡೆ ತೋಟದ ಕೆಲಸಕ್ಕೆ ಓಡುತ್ತದೆ. ಟೈರ್ 205/70 ಆರ್15, ಕಂಪನಿ ಅಳತೆಯದೇ. ಹಿಂದೆ ಬೆಂಚಿನಲ್ಲಿ ನಾಲ್ಕು ಜನ, ಇಲ್ಲದಿದ್ದರೆ 50 ಕೆಜಿಯ ಐದಾರು ಕಾಫಿ ಚೀಲ.

ಈಗ ಖಾಲಿ ಇದ್ದಾಗಲೇ ಹಿಂಭಾಗ ಇಳಿದು ನಿಲ್ಲುತ್ತದೆ. ಚಕ್ರದ ನಡುಬಿಂದುವಿನಿಂದ ಮೇಲಿನ ಆರ್ಚ್ ಅಂಚಿಗೆ ಟೇಪ್ ಹಿಡಿದರೆ ಬಲಕ್ಕಿಂತ ಎಡಗಡೆ 22 ಮಿಮೀ ಕಡಿಮೆ. ಮೇನ್ ಬ್ಲೇಡ್ (ಎಲ್ಲಕ್ಕಿಂತ ಮೇಲಿನ ಉದ್ದದ ಪಟ್ಟಿ) ಎರಡೂ ಕಡೆ ಹೆಚ್ಚುಕಡಿಮೆ ನೇರವಾಗಿದೆ. ಚೀಲ ಹೇರಿದರೆ ಸಣ್ಣ ಗುಂಡಿಗೂ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ಬಡಿಯುತ್ತದೆ.

ವರ್ಕ್‌ಶಾಪ್‌ಗಳಲ್ಲಿ ನಾಲ್ಕು ಥರ ಹೇಳುತ್ತಿದ್ದಾರೆ: ಗ್ಯಾಸ್ ಹಿಡಿದು ಕಮಾನು ಎತ್ತಿಸಿ, ದಪ್ಪನೆಯ ಒಂದು ಬ್ಲೇಡ್ ಸೇರಿಸಿ, ಉದ್ದದ ಶ್ಯಾಕಲ್ (ಬ್ಲೇಡಿನ ತುದಿಯನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ) ಹಾಕಿ, ಇಲ್ಲವೇ ಹೊಸ ಸೆಟ್ಟೇ ತನ್ನಿ. ಖಾಲಿ ಗಾಡಿಯ ಓಟ ಕೆಡಬಾರದು, ಲೋಡೂ ತಡೆಯಬೇಕು. ಯಾವುದು ಸರಿ?

ಘಟ್ಟದಗೇರು

ಸರ್, ಬಿಚ್ಚುವ ಮುಂಚೆ ತಪ್ಪು ಹಿಂದಿನ ಬ್ಲೇಡಿನದ್ದೇ ಹೌದಾ ನೋಡಿಕೊಳ್ಳಿ. ಮುಂದಿನ ಬಲಗಡೆಯ ಬ್ಲೇಡ್ ಎತ್ತರವಿದ್ದು ಎಡದ್ದು ಕೂತಿದ್ದರೂ ಹಿಂದಿನ ಎಡಗಡೆ ಇಳಿದ ಹಾಗೇ ಕಾಣುತ್ತದೆ.

ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಸರಿ ಮಾಡಿ, ಹಿಂದಕ್ಕೂ ಮುಂದಕ್ಕೂ ಒಂದಿಷ್ಟು ಓಡಿಸಿ ಬ್ಲೇಡ್ ತನ್ನ ಜಾಗಕ್ಕೆ ಕೂರಲು ಬಿಡಿ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಟ್ಟೆ ಕೊಟ್ಟು, ಮುಂದಿನ ಕ್ರಾಸ್‌ಮೆಂಬರಿನ ನಟ್ಟನಡುವೆ ಜಾಕ್ ಇಟ್ಟು ಮುಂದಿನ ಚಕ್ರಗಳ ಭಾರ ಪೂರ್ತಿ ತೆಗೆಯಿರಿ. ಆಗ ಚಾಸಿ ಮುಂದೆ ಒಂದೇ ಬಿಂದುವಿನ ಮೇಲೆ ನಿಂತಿರುತ್ತದೆ, ಮುಂದಿನ ಬ್ಲೇಡುಗಳ ಎಳೆತ ಇರುವುದಿಲ್ಲ. ಗಾಡಿ ಅಡಿಗೆ ಮಾತ್ರ ಹೋಗಬೇಡಿ, ಹೊರಗಿನಿಂದಲೇ ಅಳೆಯಿರಿ. ವ್ಯತ್ಯಾಸ ಹಾಗೇ ಉಳಿದರೆ ತಪ್ಪು ಹಿಂದೆ. ಮಾಯವಾದರೆ ಮುಂದಿನ ಸೆಟ್ ನೋಡಬೇಕು.

ಆಮೇಲೆ ಹಿಂದಿನ ಬ್ಲೇಡುಗಳಿಗೆ ವೈರ್ ಬ್ರಷ್ ಹೊಡೆದು ಟಾರ್ಚ್ ಹಿಡಿಯಿರಿ. ಬಿರುಕು ಸಾಮಾನ್ಯವಾಗಿ ಸೆಂಟರ್ ಬೋಲ್ಟ್ (ಬ್ಲೇಡುಗಳನ್ನು ಒಟ್ಟಿಗೆ ಹಿಡಿಯುವ ನಡುವಿನ ಬೋಲ್ಟ್) ತೂತಿನ ಹತ್ತಿರ ಶುರುವಾಗುತ್ತದೆ. ಬ್ಲೇಡನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಸಡಿಲವಾದಾಗ ಬಾಗುವಿಕೆಯೆಲ್ಲ ಆ ತೂತಿಗೇ ಬಂದು ನಿಲ್ಲುವುದೇ ಕಾರಣ. ಎರಡು ಬ್ಲೇಡುಗಳ ನಡುವಿನಿಂದ ಕೆಂಪು ತುಕ್ಕಿನ ಪುಡಿ ಒಂದೇ ಕಡೆ ಇಳಿದಿದ್ದರೆ ಅಲ್ಲಿ ಗಮನವಿಟ್ಟು ನೋಡಿ. ಶ್ಯಾಕಲ್ ತುಕ್ಕು ಹಿಡಿದು ಆಡದೇ ಇದ್ದರೂ ಒಂದು ಕಡೆ ಎತ್ತರ ಕೆಡುತ್ತದೆ.

ಬ್ಲೇಡ್_ಕುಲುಮೆ

"ಬ್ಲೇಡ್ ಮೆತ್ತಗಾಗಿದೆ, ಗಟ್ಟಿ ಬ್ಲೇಡ್ ಹಾಕಿ" ಅನ್ನುವ ಮಾತನ್ನು ನಂಬಬೇಡಿ. ವಯಸ್ಸಾಯಿತೆಂದು ಉಕ್ಕು ಮೆತ್ತಗಾಗುವುದಿಲ್ಲ. ಹೋಗಿರುವುದು ಕಮಾನು. 100 ಕೆಜಿ ಹೇರಿದರೆ ಹೊಸದರಲ್ಲಿ ಎಷ್ಟು ಇಳಿಯುತ್ತಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ, ಆದರೆ ಶುರುವಾಗುವುದೇ ಕೆಳಗಿನಿಂದ. ಅದಕ್ಕೇ ಬಂಪ್ ಸ್ಟಾಪ್ ಬೇಗ ಸಿಗುತ್ತದೆ. ಇದಕ್ಕೆ ಹೊರತು ಎರಡೇ: ಬ್ಲೇಡ್ ಮುರಿದಿರಬೇಕು, ಇಲ್ಲವೇ ತುಕ್ಕು ತಿಂದು ತೆಳುವಾಗಿರಬೇಕು. ಮಲೆನಾಡಿನ ಗಾಡಿಗಳಲ್ಲಿ ಈ ಎರಡನೆಯದನ್ನು ಅಳೆದೇ ನೋಡಬೇಕು.

ಬ್ಲೇಡಿನ ಗಡಸುತನ (ಬಾಗದೆ ತಡೆಯುವ ಗುಣ) ದಪ್ಪದ ಘನದ ಲೆಕ್ಕದಲ್ಲಿ ಬದಲಾಗುತ್ತದೆ. 6 ಮಿಮೀ ಬ್ಲೇಡ್ ತುಕ್ಕಿನಿಂದ 5.5 ಆದರೆ ಶೇ 23 ಗಡಸುತನ ಹೋಯಿತು. ಹಾಗೆಯೇ 6ರ ಜಾಗದಲ್ಲಿ 7 ಮಿಮೀ ಹಾಕಿದರೆ ಆ ಬ್ಲೇಡ್ ಶೇ 59ರಷ್ಟು ಗಡುಸು. ವರ್ನಿಯರ್ ಇಲ್ಲದೆ ಕಣ್ಣಳತೆಯಲ್ಲಿ "ಸ್ವಲ್ಪ ದಪ್ಪ" ಹಾಕಿಸಿಕೊಂಡವರ ಗಾಡಿ ಖಾಲಿ ಇದ್ದಾಗ ಕುದುರೆ ಥರ ಕುಪ್ಪಳಿಸುವುದು ಇದೇ ಕಾರಣಕ್ಕೆ. ಘಟ್ಟದ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟರೆ ಅಪಾಯ.

ಗ್ಯಾಸ್ ಹಿಡಿಸಲೇಬೇಡಿ. ಈ ಬ್ಲೇಡುಗಳು ಇಎನ್45 ಅಥವಾ ಎಸ್‌ಯುಪಿ9 ಥರದ ಸ್ಪ್ರಿಂಗ್ ಉಕ್ಕು. ಒಂದು ಕಡೆ ಕೆಂಪಗೆ ಕಾಯಿಸಿ ಬಗ್ಗಿಸಿ ಗಾಳಿಗೆ ಬಿಟ್ಟರೆ ಆ ಜಾಗದ ಟೆಂಪರ್ (ಉಕ್ಕಿನ ಹದ) ಹೋಗಿ ಮತ್ತೆ ಅಲ್ಲೇ ಬಾಗುತ್ತದೆ. ನೀರು ಸುರಿದರೆ ಗಾಜಿನಷ್ಟು ಗಡುಸಾಗಿ ಮುರಿಯುತ್ತದೆ.

ತಣ್ಣಗೇ ಪ್ರೆಸ್ಸಿನಲ್ಲೋ ಸುತ್ತಿಗೆಯಲ್ಲೋ ಎತ್ತುವುದು ಅಗ್ಗ, ಆದರೆ ಅದಕ್ಕೊಂದು ದೋಷವಿದೆ. ಲೋಡ್ ಬಿದ್ದಾಗ ಬ್ಲೇಡಿನ ಮೇಲ್ಮೈ ಎಳೆತದಲ್ಲಿರುತ್ತದೆ. ತಣ್ಣಗೆ ಮೇಲಕ್ಕೆ ಬಗ್ಗಿಸಿ ಬಿಟ್ಟರೆ ಅದೇ ಮೇಲ್ಮೈಯಲ್ಲಿ ಎಳೆತದ ಒತ್ತಡವೇ ಒಳಗೆ ಉಳಿಯುತ್ತದೆ. ಎರಡೂ ಕೂಡಿದರೆ ಬೇಗ ಕೂರುತ್ತದೆ, ಬಿರುಕೂ ಬೇಗ. ಸೀಸನ್ ಮುಗಿಯುವವರೆಗೆ ತಳ್ಳಲು ಸಾಕು, ಅದರಾಚೆಗಲ್ಲ.

ಸರಿಯಾದ ಕೆಲಸ ಎಂದರೆ: ಸೆಟ್ ಪೂರ್ತಿ ಬಿಚ್ಚಿ, ಪ್ರತಿ ಬ್ಲೇಡನ್ನೂ ಉದ್ದಕ್ಕೂ ಒಂದೇ ಸಮ ಕುಲುಮೆಯಲ್ಲಿ ಸುಮಾರು 850ರಿಂದ 900 ಡಿಗ್ರಿಗೆ ಕಾಯಿಸಿ, ಅಚ್ಚಿಗೆ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, 450ರಿಂದ 500 ಡಿಗ್ರಿಯಲ್ಲಿ ಟೆಂಪರ್ ಮಾಡಬೇಕು. ಎಣ್ಣೆ ತೊಟ್ಟಿಯೂ ಟೆಂಪರ್ ಕುಲುಮೆಯೂ ಇಲ್ಲದ ಅಂಗಡಿಯಲ್ಲಿ ಇದನ್ನು ಮಾಡಿಸಬೇಡಿ. ಕೆಳಗಿನ ಪ್ರತಿ ಬ್ಲೇಡ್ ತನ್ನ ಮೇಲಿನದಕ್ಕಿಂತ ತುಸು ಹೆಚ್ಚು ಬಾಗಿರಬೇಕು. ಜೋಡಿಸಿಟ್ಟಾಗ ತುದಿಗಳು ಮುಟ್ಟಿ ನಡುವೆ ಕೆಲವು ಮಿಮೀ ಸಂದು ಕಾಣಬೇಕು, ಸೆಂಟರ್ ಬೋಲ್ಟ್ ಬಿಗಿದಾಗ ಅದು ಮುಚ್ಚಬೇಕು. ಈ ಸಂದಿಲ್ಲದಿದ್ದರೆ ಮೇನ್ ಬ್ಲೇಡಿನ ಮೇಲೆ ಭಾರ ಹೆಚ್ಚು ಬೀಳುತ್ತದೆ.

ಎಷ್ಟು ಎತ್ತಬೇಕು? ಗಡಸುತನ ಬದಲಾಗದ ಕಾರಣ ಲೆಕ್ಕ ಸುಲಭ. ಗಾಡಿ 25 ಮಿಮೀ ಏರಬೇಕಿದ್ದರೆ ಕಮಾನೂ 25 ಏರಬೇಕು, ಕೂರುವುದಕ್ಕೆಂದು ಇನ್ನೊಂದು 10 ಸೇರಿಸಿ. ಅಂಗಡಿಯಲ್ಲೇ ಪ್ರೆಸ್ಸಿನಲ್ಲಿ ಮೂರ್ನಾಲ್ಕು ಸಲ ನೇರವಾಗುವವರೆಗೆ ಒತ್ತಿಸಿ, ಆಮೇಲೆ ಅಳೆಯಿರಿ. ಕೂರುವಷ್ಟು ಅಲ್ಲೇ ಕೂರಲಿ.

ಹೊಳೆದಾಟು

ಉದ್ದ ಶ್ಯಾಕಲ್ ಬಗ್ಗೆ: 50 ಮಿಮೀ ಉದ್ದ ಹೆಚ್ಚಿಸಿದರೆ ಆಕ್ಸಲ್ ಮೇಲೆ ಚಾಸಿ ಏರುವುದು ಅರ್ಧ, ಅಂದರೆ 25 ಮಾತ್ರ. ಜೊತೆಗೆ ಪಿನಿಯನ್ ಕೋನ (ಆಕ್ಸಲಿಗೆ ಶಾಫ್ಟ್ ಸೇರುವ ಕೋನ) ಬದಲಾಗಿ ಪ್ರೊಪೆಲ್ಲರ್ ಶಾಫ್ಟಿನ ಯುಜೆ ಕ್ರಾಸ್ (ಶಾಫ್ಟಿನ ಕೀಲು) ಬೇಗ ಸವೆಯುತ್ತದೆ, ಹಿಂಭಾಗ ಅಡ್ಡಡ್ಡ ಅಲುಗುತ್ತದೆ. ಕೂತ ಬ್ಲೇಡ್ ಕೂತೇ ಇರುತ್ತದೆ. ನನ್ನ ಮಟ್ಟಿಗೆ ಇದು ರಿಪೇರಿಯೇ ಅಲ್ಲ.

ತೋಟದಗಾಡಿ413

ಜಾಕ್ ಇಟ್ಟು ನೋಡಿದೆ. ಮುಂದೆ ಎತ್ತಿದರೂ ಹಿಂದೆ ಎಡಗಡೆ 18 ಮಿಮೀ ಕಡಿಮೆಯೇ. ಎಡ ಸೆಟ್ಟಿನ ಮೂರನೇ ಬ್ಲೇಡಿನಲ್ಲಿ ಯು-ಬೋಲ್ಟ್ ಪಕ್ಕ ಕೂದಲೆಳೆಯಷ್ಟು ಬಿರುಕಿದೆ. ಬ್ಲೇಡ್ ದಪ್ಪ ತುದಿಗಳಲ್ಲಿ ಸವೆದಿದೆ. ಅದೊಂದು ಬ್ಲೇಡ್ ಬದಲಿಸಿ ಉಳಿದವಕ್ಕೆ ಕಮಾನು ಕೊಡಿಸಲೇ?

ಬ್ಲೇಡ್_ಕುಲುಮೆ

ಬೇಡ. ಒಂದು ಬಿರುಕು ಬಿಟ್ಟಿದೆ, ಉಳಿದವೂ ಅಷ್ಟೇ ದುಡಿದಿವೆ, ತುದಿ ಬೇರೆ ಸವೆದಿದೆ. ಎರಡೂ ಕಡೆಗೆ ಹೊಸ ಸೆಟ್ ಹಾಕಿ. ಒಂದೇ ಕಡೆ ಹಾಕಿದರೆ ಗಾಡಿ ಮತ್ತೆ ಒಂದು ಕಡೆ ವಾಲುತ್ತದೆ. ಬಿರುಕಿಗೆ ವೆಲ್ಡಿಂಗ್ ಅಂತೂ ಮಾಡಿಸಲೇಬೇಡಿ, ಪಕ್ಕದಲ್ಲೇ ಮುರಿಯುತ್ತದೆ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹುಡುಕಿದರೆ ಸೆಟ್ ಸಿಗುತ್ತದೆ. ಕೊಳ್ಳುವಾಗ ಎರಡನ್ನೂ ನೆಲದ ಮೇಲಿಟ್ಟು, ಐ ತೂತುಗಳ (ಮೇನ್ ಬ್ಲೇಡಿನ ತುದಿಗಳ ಸುರುಳಿ ತೂತು) ನಡುವಿಗೆ ದಾರ ಎಳೆದು ಮೇನ್ ಬ್ಲೇಡಿನ ನಡುವಿಗೆ ಅಳೆಯಿರಿ. ಎರಡರ ನಡುವೆ 5 ಮಿಮೀಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇರೆ ಜೋಡಿ ಕೇಳಿ.

300 ಕೆಜಿ ದಿನಾ ಹೇರುವುದಾದರೆ ಕೆಳಗೆ ಒಂದು ಚಪ್ಪಟೆ ಹೆಲ್ಪರ್ ಬ್ಲೇಡ್ ಇರಲಿ. ಖಾಲಿ ಇದ್ದಾಗ ಅದರ ತುದಿ ಮೇಲಿನ ಬ್ಲೇಡಿಗೆ ತಾಗಬಾರದು, ಲೋಡ್ ಬಿದ್ದಾಗ ಮಾತ್ರ ತಾಗಬೇಕು. ನಿಮಗೆ ಬೇಕಾದ ಎರಡೂ ಇದರಲ್ಲೇ ಸಿಗುತ್ತದೆ.

ಘಟ್ಟದಗೇರು

ಹಾಕುವ ಕ್ರಮ ಹೇಳುತ್ತೇನೆ. ಹಿಂದಿನ ದಿನವೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಮುಂದಿನ ಚಕ್ರಗಳಿಗೆ ಕಟ್ಟೆ ಕೊಡಿ, ಹಿಂದೆ ಎತ್ತಿದಾಗ ಹ್ಯಾಂಡ್ ಬ್ರೇಕ್ ನೆಚ್ಚಿಕೊಳ್ಳುವಂತಿಲ್ಲ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ ಅಡಿ ಟ್ರಾಲಿ ಜಾಕ್ ಇಡಿ. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ, ಇನ್ನೊಂದು ಕಡೆ ಆಕ್ಸಲನ್ನು ಜಾಗದಲ್ಲಿ ಹಿಡಿದಿರುತ್ತದೆ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್, ಯು-ಬೋಲ್ಟ್, ಶ್ಯಾಕಲ್, ಕೊನೆಗೆ ಮುಂದಿನ ಐ ಬೋಲ್ಟ್, ಈ ಕ್ರಮದಲ್ಲಿ ಬಿಚ್ಚಿ. ಆಕ್ಸಲ್ ಇಳಿಸುವಾಗ ಬ್ರೇಕ್ ಹೋಸ್ ಮೇಲೆ ಕಣ್ಣಿರಲಿ, ಅದು ಬಿಗಿಯಾಗಬಾರದು.

ಜಿಪ್ಸಿಯಲ್ಲಿ ಬ್ಲೇಡ್ ಆಕ್ಸಲ್ಲಿನ ಕೆಳಗೆ ಕೂರುತ್ತದೆ. ಹಾಗಾಗಿ ಸೆಂಟರ್ ಬೋಲ್ಟಿನ ತಲೆ ಮೇಲ್ಮುಖವಾಗಿದ್ದು ಆಕ್ಸಲ್ ಪ್ಯಾಡಿನ ತೂತಿನೊಳಗೆ ಪೂರ್ತಿ ಕೂರಬೇಕು. ಅಂಚಿನಲ್ಲಿ ನಿಂತರೆ ಆಕ್ಸಲ್ ಓರೆಯಾಗಿ ಗಾಡಿ ಒಂದು ಕಡೆ ಎಳೆಯುತ್ತದೆ. ಹೆಲ್ಪರ್ ಸೇರಿಸಿದರೆ ಸೆಂಟರ್ ಬೋಲ್ಟೂ ಯು-ಬೋಲ್ಟೂ ಉದ್ದದವು ಬೇಕು, ಬಿಗಿದ ಮೇಲೆ ನಟ್ಟಿನಿಂದ ಎರಡು ಮೂರು ಎಳೆ ಹೊರಗೆ ಕಾಣಬೇಕು. ಹಳೇ ಯು-ಬೋಲ್ಟ್ ಎಳೆದು ಉದ್ದವಾಗಿರುತ್ತದೆ, ಮತ್ತೆ ಹಾಕಬೇಡಿ. ನಾಲ್ಕು ನಟ್ಟನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ.

ಬುಷ್ (ಐ ಮತ್ತು ಶ್ಯಾಕಲ್ ತೂತುಗಳೊಳಗಿನ ರಬ್ಬರ್ ಕೊಳವೆ) ಎಲ್ಲ ಹೊಸದು ಹಾಕಿ. ಶ್ಯಾಕಲ್ ಮತ್ತು ಐ ಬೋಲ್ಟುಗಳನ್ನು ಗಾಡಿ ಎತ್ತಿರುವಾಗ ಕೈಬಿಗಿಯಷ್ಟೇ ಮಾಡಿ. ಚಕ್ರ ನೆಲಕ್ಕೆ ತಂದು, ನಾಲ್ಕು ಸಲ ಅಲುಗಿಸಿ, ಪೂರ್ತಿ ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಬಹಳ ಕಡೆ ತಪ್ಪುವುದು ಇಲ್ಲೇ: ಜೋತು ಬಿದ್ದಾಗಲೇ ಬಿಗಿದರೆ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ.

ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿ. ಸುಟ್ಟ ಎಂಜಿನ್ ಆಯಿಲ್ ಸುರಿಯುವ ರೂಢಿ ನಮ್ಮ ಕಡೆ ಇದೆ, ಅದು ಬುಷ್ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಬ್ಲೇಡುಗಳನ್ನು ಸುತ್ತಿ ಹಿಡಿಯುವ ಕ್ಲಿಪ್ಪುಗಳನ್ನು ಬ್ಲೇಡ್ ಜಾರದಷ್ಟು ಬಡಿದು ಬಿಗಿಮಾಡಬೇಡಿ, ಜಾರಲು ಜಾಗ ಇರಬೇಕು.

100 ಕಿಮೀಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಯು-ಬೋಲ್ಟ್ ಬಿಗಿ ನೋಡಿ. ನಿಮ್ಮ ಮೂರನೇ ಬ್ಲೇಡ್ ಬಿರುಕು ಬಿಡಲು ಈ ಬಿಗಿ ತಪ್ಪಿದ್ದೇ ಕಾರಣವಿರಬಹುದು. ಹಿಂಭಾಗ ಏರಿದ ಮೇಲೆ ಹೆಡ್‌ಲೈಟ್ ಕೆಳಕ್ಕೆ ಬೀಳುತ್ತದೆ, ಅದನ್ನೂ ಸರಿ ಮಾಡಿಸಿ. ಲೋಡ್ ಸೆನ್ಸಿಂಗ್ ವಾಲ್ವ್ (ಲೋಡ್ ನೋಡಿ ಹಿಂದಿನ ಬ್ರೇಕ್ ಹೊಂದಿಸುವ ವಾಲ್ವ್) ಇದ್ದರೆ ಅದರ ಸೆಟ್ಟಿಂಗೂ ನೋಡಬೇಕು. ಎತ್ತರ ಏರಿದರೆ ಗಾಡಿ ಖಾಲಿಯೆಂದು ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡಿಬಿಡುತ್ತದೆ.

ತೋಟದಗಾಡಿ413

ಹೊಸ ಜೋಡಿ, ಹೆಲ್ಪರ್, ಆರು ಕಡೆಯ ಬುಷ್, ನಾಲ್ಕು ಯು-ಬೋಲ್ಟ್, ಎರಡು ಸೆಂಟರ್ ಬೋಲ್ಟ್ ಬರೆದುಕೊಂಡೆ. ಹೆಲ್ಪರಿನ ತುದಿ ಖಾಲಿ ಗಾಡಿಯಲ್ಲಿ ಎಷ್ಟು ದೂರವಿರಬೇಕು?

ಬ್ಲೇಡ್_ಕುಲುಮೆ

ಅಂದಾಜಿನಲ್ಲಿ ಇಡಬೇಡಿ. ಹೆಲ್ಪರ್ ಇಲ್ಲದೆ ಮೊದಲು ಸೆಟ್ ಕೂರಿಸಿ, ಮೂರು ಚೀಲ ಹೇರಿ ಗಾಡಿ ಎಷ್ಟು ಇಳಿಯುತ್ತದೆ ಅಳೆಯಿರಿ. ಆ ಲೋಡಿನಲ್ಲಿ ತುದಿ ಆಗಷ್ಟೇ ತಾಗುವಂತೆ ಹೆಲ್ಪರ್ ಬಾಗು ಮಾಡಿಸಿ. ಬುಷ್ ಎಣಿಕೆ ಮಾತ್ರ ಅಂಗಡಿಯಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ, ಅರ್ಧರ್ಧ ಬರುವ ಬುಷ್ ಆದರೆ ಒಂದು ತೂತಿಗೆ ಎರಡು ಬೇಕು.