ಅಪ್‌ಡೇಟ್: ಅಮ್ಮನ ಡಾಕ್ಸಿಸೈಕ್ಲಿನ್ ಮಾತ್ರೆ ಮತ್ತು ಎದೆ ಉರಿ

ಹೋದ ವಾರ ಕೇಳಿದ್ದೆ. ಅಮ್ಮನಿಗೆ ಜ್ವರ ಅಂತ 7 ದಿನಕ್ಕೆ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಬರೆದಿದ್ದರು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು, ಆದರೆ ಏನು ನುಂಗಿದರೂ ಎದೆಯಲ್ಲಿ ಉರಿ. ಮಾತ್ರೆ ನಿಲ್ಲಿಸಬಹುದಾ ಅಂತ.

ನಾವಾಗಿ ನಿಲ್ಲಿಸಲಿಲ್ಲ. ಮರುದಿನವೇ ಜಯನಗರದಲ್ಲಿರುವ ನಮ್ಮ ಡಾಕ್ಟರ್ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ, "ರಾತ್ರಿ ಮಾತ್ರೆ ಹೇಗೆ ತಗೋತೀರಿ?" ಅಮ್ಮ ಒಂದೇ ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗುತ್ತಿದ್ದರು. ನಾನೂ ಗಮನಿಸಿರಲಿಲ್ಲ, ಅದೇ ಬೇಜಾರು. ಈ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣು ಮಾಡಬಹುದು. ಊಟದ ಜೊತೆ, ದೊಡ್ಡ ಲೋಟ ತುಂಬ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂತಿರಬೇಕು.

ಇನ್ನೊಂದು ವಿಷಯ. ಅಮ್ಮ ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗುತ್ತಿದ್ದರು. ಕ್ಯಾಲ್ಸಿಯಂ, ಐರನ್ ಎರಡೂ ಈ ಔಷಧಿ ಮೈಗೆ ಹತ್ತದಂತೆ ತಡೆಯುತ್ತವೆ. ಆಮೇಲೆ ಕ್ಯಾಲ್ಸಿಯಂ ಮಾತ್ರೆಯನ್ನು ಮಧ್ಯಾಹ್ನಕ್ಕೆ ಇಟ್ಟೆವು. ಈ ಔಷಧಿ ತಗೊಳ್ಳುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಅಂತ ಡಾಕ್ಟರ್ ಅಂದಿದ್ದಕ್ಕೆ ತರಕಾರಿಗೆ ನಾನೇ ಹೋಗುತ್ತಿದ್ದೆ.

ರಾತ್ರಿ ಅಮ್ಮನ ಜೊತೆ ಅರ್ಧ ಗಂಟೆ ಮಾತಾಡುತ್ತಾ ಕೂರುತ್ತಿದ್ದೆ. ಎರಡು ದಿನದಲ್ಲಿ ಉರಿ ಕಡಿಮೆಯಾಯಿತು. ನಿನ್ನೆ ಕೋರ್ಸ್ ಮುಗಿಯಿತು. ಇವತ್ತು ಬೆಳಿಗ್ಗೆ ಎರಡು ಇಡ್ಲಿ ಆರಾಮಾಗಿ ತಿಂದರು.