ಹಿತ್ತಲಿನಲ್ಲಿ ಹಕ್ಕಿಗಳಿಗೆ ಕಾಳು ಇಡಬೇಕೆ, ನೀರಷ್ಟೇ ಸಾಕೆ? ಅನುಭವಿಗಳು ತಿಳಿಸಿ

ಹೊಸಮನೆ, ಮೈಸೂರು:
ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ 30×40 ನಿವೇಶನದ ಮನೆ ನಮ್ಮದು. ಹಿಂದೆ ಉಳಿದ ಎಂಟಡಿ ಜಾಗದಲ್ಲಿ ನುಗ್ಗೆ, ಕರಿಬೇವು ಮತ್ತು ಒಂದು ದಾಸವಾಳದ ಗಿಡ ಇವೆ. ಮೊಣಕಾಲು ನೋವಿನಿಂದ ಹೊರಗೆ ಹೋಗಲಾಗದ ತಂದೆಯವರು ಕಿಟಕಿಯ ಬಳಿ ಕುಳಿತು ಹಕ್ಕಿಗಳನ್ನು ನೋಡಲೆಂದು ಕಾಳಿನ ಡಬ್ಬಿಯೊಂದನ್ನು ತೂಗುಹಾಕಬೇಕೆಂದಿದ್ದೇನೆ. ಪಾರಿವಾಳಗಳು ಬರುತ್ತವೆಂದು ಮಹಡಿಯ ಬಾಡಿಗೆದಾರರು ಈಗಲೇ ಆಕ್ಷೇಪಿಸುತ್ತಿದ್ದಾರೆ. ಪಕ್ಕದ ಮನೆಯಲ್ಲಿ ಬೆಕ್ಕೂ ಇದೆ. ಯಾವ ಡಬ್ಬಿ, ಯಾವ ಕಾಳು, ಎಷ್ಟು ಎತ್ತರ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ನಾಲ್ಕನೇ ಮಹಡಿ, ರಾಜಾಜಿನಗರ:
ನಿಮ್ಮ ಬಾಡಿಗೆದಾರರಿಗೆ ಕೈಮುಗಿದು ಸುಮ್ಮನಿರಿ. ನಮ್ಮ ತಾಯಿಯವರು ದಿನವೂ ಬೆಳಿಗ್ಗೆ ಪೂಜೆ ಮುಗಿಸಿ ಬಾಲ್ಕನಿಯ ಸಜ್ಜದ ಮೇಲೆ ಒಂದು ಹಿಡಿ ಜೋಳ ಚೆಲ್ಲುತ್ತಿದ್ದರು. ಮೊದಮೊದಲು ಗುಬ್ಬಚ್ಚಿಗಳು ಬಂದವೆಂದು ಸಂಭ್ರಮಪಟ್ಟಿದ್ದೂ ಉಂಟು. ಆಮೇಲೆ ಬಂದ ಪಾರಿವಾಳಗಳು ಗುಬ್ಬಚ್ಚಿಗಳನ್ನು ಓಡಿಸಿ, ಏಸಿಯ ಹೊರಘಟಕದ ಹಿಂದೆ ಕಡ್ಡಿ ಸೇರಿಸಿ, ಒಂದು ಸಂಸಾರ ಎದ್ದರೆ ಇನ್ನೊಂದು ಕೂರುವಂತೆ ವರ್ಷಪೂರ್ತಿ ಮೊಟ್ಟೆಯಿಟ್ಟವು. ಬಲೆ ಹಾಕಿಸಲು 9,800 ರೂ. ಕೊಟ್ಟೆವು, ಬಿಸಿಲಿಗೆ ನೈಲಾನ್ ಹರಿದು ಮತ್ತೆ ಹಾಕಿಸಿದಾಗ 12,400 ರೂ. ಆಯಿತು. ಏಸಿಯ ಕಾಯಿಲ್ ಹಿಕ್ಕೆಯಿಂದ ಸವೆದು ಹೋಗಿದ್ದಕ್ಕೆ 14,000 ರೂ. ಬೇರೆ.

ಅದೆಲ್ಲ ಹಣದ ಮಾತು. ತಾಯಿಯವರಿಗೆ ಬಂದ ಒಣಕೆಮ್ಮು ಯಾವ ಸಿರಪ್ಪಿಗೂ ಬಗ್ಗಲಿಲ್ಲ. ಕೊನೆಗೆ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದ ವೈದ್ಯರು ಮೊದಲು ಕೇಳಿದ ಪ್ರಶ್ನೆಯೇ ಮನೆಯ ಹತ್ತಿರ ಪಾರಿವಾಳಗಳಿವೆಯೇ ಎಂಬುದು. ಒಣಗಿದ ಹಿಕ್ಕೆ ಮತ್ತು ಗರಿಗಳ ಧೂಳಿನಲ್ಲಿರುವ ಪ್ರೋಟೀನುಗಳನ್ನು ಬಹುಕಾಲ ಉಸಿರಾಡಿದರೆ ಕೆಲವರ ಶ್ವಾಸಕೋಶ ಉರಿಯೂತಕ್ಕೆ ಒಳಗಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗೆ ಗಟ್ಟಿಯಾದ ಭಾಗ ಮತ್ತೆ ಸರಿಹೋಗುವುದಿಲ್ಲ. ಮುಂಬೈನಲ್ಲಿ ಪಾರಿವಾಳಗಳಿಗೆ ಸಾರ್ವಜನಿಕವಾಗಿ ಕಾಳು ಹಾಕುವ 51 ತಾಣಗಳನ್ನು, ಅಂದರೆ ಕಬೂತರ್‌ಖಾನಾಗಳನ್ನು, ಮುಚ್ಚುವಂತೆ 2025ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಸುಮ್ಮನೆ ಸೂಚಿಸಲಿಲ್ಲ. ಕಾಳು ಹಾಕುವುದನ್ನು ಪುಣ್ಯವೆಂದು ಹೇಳಿಕೊಟ್ಟವರು ಬಂದು ನಮ್ಮ ಔಷಧಿಯ ಚೀಟಿಗಳನ್ನು ನೋಡಲಿ.

ಕೇಪಳ, ಕುವೆಂಪುನಗರ:
ನಾನು ಒಂದು ಕಾಳನ್ನೂ ಹಾಕಿದವಳಲ್ಲ, ಆದರೂ ನಮ್ಮ ಹಿತ್ತಲಿಗೆ ಬರುವಷ್ಟು ಹಕ್ಕಿಗಳು ಈ ಬೀದಿಯಲ್ಲಿ ಬೇರೆ ಯಾರ ಮನೆಗೂ ಬರುವುದಿಲ್ಲ. ಕಾರಣ ಸರಳವಾಗಿದೆ. ನೋಡಲು ಚೆಂದವಿರುವ ಹಕ್ಕಿಗಳಲ್ಲಿ ಬಹುಪಾಲು ಕಾಳು ತಿನ್ನುವುದೇ ಇಲ್ಲ. ಸೂರಕ್ಕಿಗೆ ದಾಸವಾಳ ಮತ್ತು ಕೇಪಳದ ಮಕರಂದ ಬೇಕು. ಪಿಕಳಾರಕ್ಕೂ ಕಂಚುಗಾರನಿಗೂ ಹಣ್ಣು ಬೇಕು. ಟುವ್ವಿ ಮತ್ತು ಮಡಿವಾಳ ಹಕ್ಕಿಗಳು ಹುಳು ಹೆಕ್ಕುತ್ತವೆ. ನಾನು ನೆಟ್ಟ ಗಸಗಸೆ ಹಣ್ಣಿನ ಮರ ಎರಡೇ ವರ್ಷಗಳಲ್ಲಿ ತಾರಸಿಯನ್ನು ಮೀರಿ ಬೆಳೆಯಿತು, ವರ್ಷವಿಡೀ ಹಣ್ಣು ಬಿಡುತ್ತದೆ. ಅದು ಅಮೆರಿಕದ ಉಷ್ಣವಲಯದಿಂದ ಬಂದ ಮರವೆಂದು ಮೂಗು ಮುರಿಯುವವರು ಪಿಕಳಾರಗಳನ್ನೇ ಕೇಳಲಿ. ರಾತ್ರಿ ಬಾವಲಿಗಳು ಬಂದು ಎದುರುಮನೆಯವರ ಬಿಳಿ ಕಾರಿನ ಮೇಲೆ ಹಣ್ಣಿನ ಹಿಪ್ಪೆ ಉಗುಳುವುದರಿಂದ ಕಾರಿಗೆ ಹೊದಿಕೆಯನ್ನು ನಾನೇ ಕೊಡಿಸಬೇಕಾಯಿತು, 1,650 ರೂ. ಅವರು ಈಗಲೂ ನನ್ನೊಡನೆ ಮಾತನಾಡುವುದಿಲ್ಲ, ಅದರಿಂದ ನನಗೇನೂ ನಷ್ಟವಾಗಿಲ್ಲ. ಕಾಳು ಹಾಕುವವರಿಗೆ ದೊರೆಯುವುದು ಪಾರಿವಾಳ ಮತ್ತು ಇಲಿ, ಅಷ್ಟೆ.

ಸಾಧನಕೇರಿ ಗುಬ್ಬಿ, ಧಾರವಾಡ:
ಕೇಪಳ ಮೇಡಂ ಅವರ ಲೆಕ್ಕದಲ್ಲಿ ಗುಬ್ಬಚ್ಚಿ ಚೆಂದದ ಹಕ್ಕಿಯಲ್ಲವೆಂದು ತಿಳಿದು ಖೇದವಾಯಿತು. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ಗುಬ್ಬಚ್ಚಿ ದೇಶದಲ್ಲಿ ಒಟ್ಟಾರೆ ಸ್ಥಿರವಾಗಿದ್ದರೂ ಬೆಂಗಳೂರನ್ನು ಒಳಗೊಂಡಂತೆ ಮಹಾನಗರಗಳಲ್ಲಿ ಕಡಿಮೆಯಾಗುತ್ತಿದೆ. ನಮ್ಮ ಮನೆಯ ಸೂರಿನಡಿ ಮಾತ್ರ ಗುಬ್ಬಚ್ಚಿಗಳ ಗದ್ದಲದಿಂದ ಮಧ್ಯಾಹ್ನ ಮಲಗಲಾಗುವುದಿಲ್ಲ.

ಪಾರಿವಾಳವನ್ನು ದೂರವಿಡಬೇಕಾದರೆ ಕಾಳನ್ನು ತಟ್ಟೆಯಲ್ಲಿ ಇಡಬಾರದು, ತೆನೆಯಲ್ಲಿ ಕೊಡಬೇಕು. ಭತ್ತದ ಅಥವಾ ನವಣೆಯ ತೆನೆಗಳನ್ನು ಕಟ್ಟು ಮಾಡಿ ಗೋಡೆಗೆ ತಾಗದಂತೆ ತೂಗುಬಿಟ್ಟರೆ ಗುಬ್ಬಚ್ಚಿಯೂ ರಾಟವಾಳವೂ ಜೋತುಬಿದ್ದು ತಿನ್ನುತ್ತವೆ, ಮೈಭಾರದ ಪಾರಿವಾಳಕ್ಕೆ ಅದು ಆಗದು. ತೆನೆ ಸಿಗದ ತಿಂಗಳುಗಳಿಗೆಂದು ಪೇಟೆಯಿಂದ ತಂದ 349 ರೂ. ಪ್ಲಾಸ್ಟಿಕ್ ಡಬ್ಬಿಯನ್ನು ಅಳಿಲು ಕಡಿದು ತೂತು ಮಾಡಿತು, ಅದೇ ಬಗೆಯ ಇನ್ನೊಂದನ್ನೂ ಕಡಿಯಿತು. ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಉಕ್ಕಿನ ಜಾಲರಿಯದನ್ನು 780 ರೂಪಾಯಿಗೆ ಮಾಡಿಸಿದೆ. ನವಣೆ ಕಿಲೋಗೆ 75 ರೂ., ಸಜ್ಜೆ 40 ರೂ.; ಗುಬ್ಬಚ್ಚಿಗಳು ಸಜ್ಜೆಯನ್ನೇ ಮೊದಲು ಮುಗಿಸುತ್ತವೆ, ನವಣೆ ಕೊಂಡ ಹಣ ದಂಡ. ಗೂಡಿನ ಪೆಟ್ಟಿಗೆಯ ಬಾಗಿಲು 32 ಮಿ.ಮೀ. ಇರಬೇಕು, ಅದಕ್ಕಿಂತ ಅಗಲವಾದರೆ ಗೊರವಂಕ ನುಗ್ಗಿ ಮರಿಗಳನ್ನು ಉಳಿಸುವುದಿಲ್ಲ.

ಕೇಪಳ, ಕುವೆಂಪುನಗರ:
ಗುಬ್ಬಚ್ಚಿಯ ಮರಿಗಳು ಮೊದಲ ದಿನಗಳಲ್ಲಿ ತಿನ್ನುವುದು ಹುಳುಗಳನ್ನು, ಸಜ್ಜೆಯನ್ನಲ್ಲ. ಗಿಡವಿಲ್ಲದ ಅಂಗಳದಲ್ಲಿ ಉಕ್ಕಿನ ಡಬ್ಬಿ ತೂಗುಹಾಕಿ ಗುಬ್ಬಚ್ಚಿಯನ್ನು ಉಳಿಸಿದೆನೆಂದು ಹೇಳಿಕೊಳ್ಳುವವರಿಗೆ ನಾನು ಇನ್ನೇನು ಹೇಳಲಿ?

ಸಾಧನಕೇರಿ ಗುಬ್ಬಿ, ಧಾರವಾಡ:
ನಮ್ಮ ಅಂಗಳದಲ್ಲಿ ಗಿಡವಿಲ್ಲವೆಂದು ತಮಗೆ ಯಾರು ಹೇಳಿದರು? ಪೇರಲ, ಕರಿಬೇವು, ಅವರೆ ಚಪ್ಪರ ಎಲ್ಲವೂ ಇವೆ. ಕಾರು ಹಾಳುಮಾಡುವ ಮರವೊಂದಿಲ್ಲ, ನಿಜ.

ಹಂಚಿನ ಮನೆ, ಸಾಗರ:
ನೀವಿಬ್ಬರೂ ಪಟ್ಟಣದವರಾದ್ದರಿಂದ ಇಷ್ಟು ಸುಖವಾಗಿ ಜಗಳವಾಡುತ್ತಿದ್ದೀರಿ. ಕುಟ್ರುಹಕ್ಕಿಗೆಂದು ಅಂಗಳದ ಕಲ್ಲುಕಂಬದ ಮೇಲೆ ಪುಟ್ಟಬಾಳೆಯ ಹಣ್ಣಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಇತ್ತು, ಆಗ ಸುತ್ತಲಿನ ಕಾಡಿನಲ್ಲಿ ಮಂಗಗಳಿಗೆ ಬೇಕಾದ ಹಣ್ಣಿತ್ತು. ಈಗ ಹಣ್ಣಿಟ್ಟ ಗಳಿಗೆಯಲ್ಲೇ ಮಂಗಗಳ ಗುಂಪು ಮಾಡಿಗೆ ಹಾರುತ್ತದೆ. ಹೋದ ಮಳೆಗಾಲದ ಮುಂಚೆ ಹಂಚು ಬದಲಿಸಲು ಹಳೆಯ ಮಂಗಳೂರು ಹಂಚನ್ನೇ ಹುಡುಕಿ ತಂದು, ಕೂಲಿ ಸೇರಿ 23,000 ರೂ. ತೆತ್ತೆವು, ಒಳಗಟ್ಟಿನ ಅಡಿಕೆ ನೆನೆದದ್ದು ಈ ಲೆಕ್ಕದಲ್ಲಿಲ್ಲ.

ಹಂಚಿಗಿಂತ ದೊಡ್ಡ ಭಯ ಮಂಗನ ಕಾಯಿಲೆಯದು. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣುಗಿನಿಂದ ಹರಡುತ್ತದೆ. ಸೋಂಕಿನಿಂದ ಸತ್ತ ಮಂಗದ ಮೈಯಿಂದ ಉಣುಗುಗಳು ಉದುರಿ ನೆಲದಲ್ಲಿರುತ್ತವೆ. ಮಂಗಗಳನ್ನು ಅಂಗಳಕ್ಕೆ ಕರೆಯುವುದೆಂದರೆ ಉಣುಗನ್ನೂ ಕರೆದಂತೆಯೇ. ಆದ್ದರಿಂದ ನಮ್ಮಲ್ಲಿ ಹಣ್ಣಿಡುವುದು ನಿಂತಿದೆ. ಮೈಸೂರಿನವರಿಗೆ ಇದರ ಚಿಂತೆಯಿಲ್ಲ, ಆದರೆ ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ನಾಗರಹಾವು ಬರುತ್ತದೆ ಎಂಬುದು ಎಲ್ಲ ಊರಿಗೂ ಅನ್ವಯಿಸುವ ಮಾತು.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ:
ನಮ್ಮ ರಾಜ್ಯದ ವಾಯವ್ಯ ಭಾಗದಲ್ಲಿರುವ ಅಣ್ಣನ ಮನೆಯಲ್ಲಿ ಸೂರ್ಯಕಾಂತಿ ಬೀಜದ ಡಬ್ಬಿಯನ್ನು ಕರಿಕರಡಿಯೊಂದು ಕಬ್ಬಿಣದ ಕಂಬಸಮೇತ ಬಗ್ಗಿಸಿಹಾಕಿತು. ಡಬ್ಬಿ 62 ಡಾಲರ್, ಕಂಬ 45 ಡಾಲರ್. 2021ರ ಬೇಸಿಗೆಯಲ್ಲಿ ಇಲ್ಲಿನ ಹಲವು ರಾಜ್ಯಗಳಲ್ಲಿ ಹಕ್ಕಿಗಳು ಕಣ್ಣು ಊದಿಕೊಂಡು ಸಾಯತೊಡಗಿದಾಗ, ಒಂದೆಡೆ ಗುಂಪುಗೂಡದಿರಲೆಂದು ಕಾಳಿನ ಡಬ್ಬಿಗಳನ್ನು ಇಳಿಸುವಂತೆ ಅಧಿಕಾರಿಗಳು ತಿಳಿಸಿದ್ದರು. ಡಬ್ಬಿಯನ್ನು ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ತೊಳೆದು, ಪೂರ್ಣ ಒಣಗಿದ ಮೇಲೆಯೇ ಕಾಳು ತುಂಬಬೇಕು. ಭಾರತದಲ್ಲಿ ಇದನ್ನು ಯಾರಾದರೂ ಮಾಡುತ್ತಾರೆಯೇ?

ಸಾಧನಕೇರಿ ಗುಬ್ಬಿ, ಧಾರವಾಡ:
ವಿಜಯನಗರದ ನುಗ್ಗೆಮರಕ್ಕೆ ಕರಡಿ ಬಂದ ದಿನ ತಮ್ಮ ಸಲಹೆಯನ್ನು ಅವಶ್ಯವಾಗಿ ಪಾಲಿಸೋಣ. ಡಬ್ಬಿಯನ್ನು ನಾನು ಪ್ರತಿ ಭಾನುವಾರ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡುತ್ತೇನೆ. ಭಾರತದವರಿಗೆ ತೊಳೆಯಲು ಬರುತ್ತದೆ.

ನಾಲ್ಕನೇ ಮಹಡಿ, ರಾಜಾಜಿನಗರ:
ಕಾಳು ಬೇಡವೆನ್ನುವ ಕೇಪಳ ಅವರು ನೀರನ್ನು ಇಡುತ್ತಾರೋ ಇಲ್ಲವೋ ಹೇಳಲಿಲ್ಲ. ಇಡುವುದಾದರೆ ಅದು ಡೆಂಗಿ ಸೊಳ್ಳೆಯ ತೊಟ್ಟಿಲು. ನಮ್ಮ ಕೆಳಮನೆಯಲ್ಲಿ ಹಕ್ಕಿಗೆಂದು ಇಟ್ಟ ಬೋಗುಣಿಯಲ್ಲೇ ಮರಿಹುಳುಗಳು ಕುಣಿಯುತ್ತಿದ್ದವು.

ಕೇಪಳ, ಕುವೆಂಪುನಗರ:
ಇಡುತ್ತೇನೆ, ಮತ್ತು ಸರಿಯಾಗಿ ಇಡುತ್ತೇನೆ. ಎರಡು ಬೆರಳು ಆಳದ ಮಣ್ಣಿನ ತಟ್ಟೆ, ನಡುವೆ ಕೂರಲು ಒಂದು ಕಲ್ಲು, ಬೆಕ್ಕು ಅವಿತುಕೊಳ್ಳುವ ಪೊದೆಯಿಂದ ಆರಡಿ ದೂರ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರವಾದರೂ ಬೇಕು, ನಾನು ನೀರನ್ನು ಪ್ರತಿದಿನ ಬದಲಿಸುತ್ತೇನೆ. ಬರಿದೆ ನೀರು ಚೆಲ್ಲಿದರೆ ಸಾಲದು. ಡೆಂಗಿ ಸೊಳ್ಳೆಯ ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಅದಕ್ಕಾಗಿ ತೆಂಗಿನ ನಾರಿನಿಂದ ಉಜ್ಜಬೇಕು.

ನಾಲ್ಕನೇ ಮಹಡಿ, ರಾಜಾಜಿನಗರ:
ತಾವು ಊರಿಗೆ ಹೋದಾಗ ಉಜ್ಜುವವರು ಯಾರು?

ಕೇಪಳ, ಕುವೆಂಪುನಗರ:
ತಟ್ಟೆಯನ್ನು ಮಗುಚಿಟ್ಟು ಹೋಗುತ್ತೇನೆ. ಹಕ್ಕಿಗಳಿಗೆ ಕೆರೆ ಗೊತ್ತಿದೆ.