ಮೋಟರ್‌ಹೋಮ್ ಹಿಂದೆ ಕಟ್ಟಿ ಎಳೆಯಲು ಯಾವ ಕಾರು? ಸಿಆರ್-ವಿ, ರ‍್ಯಾಂಗ್ಲರ್, ಮಾವರಿಕ್ ನಡುವೆ ಗೊಂದಲ

ಪ್ರಶ್ನೆ — ದಾರಿಗ

ಎಲ್ಲರಿಗೂ ನಮಸ್ಕಾರ. ನಮ್ಮದು ಫೋರ್ಡ್ ಇ-450 ಷಾಸಿ (ಗಾಡಿಯ ಅಡಿ ಚೌಕಟ್ಟು) ಮೇಲೆ ಕಟ್ಟಿದ ಕ್ಲಾಸ್ ಸಿ (ವ್ಯಾನಿನ ಮುಂಭಾಗ ಉಳಿಸಿ ಹಿಂದೆ ಮನೆ ಕಟ್ಟಿದ) ಮೋಟರ್‌ಹೋಮ್. ಗಾಡಿಯ ಗರಿಷ್ಠ ತೂಕ 14,500 ಪೌಂಡ್. ಹಿಂದೆ ಎಳೆಯುವುದನ್ನೂ ಸೇರಿಸಿದರೆ 22,000 ಎಂದು ಷಾಸಿ ಪುಸ್ತಕದಲ್ಲಿದೆ. ಎಳೆಯುವ ಕೊಂಡಿ, ಅಂದರೆ ಹಿಚ್‌ನ ಪಟ್ಟಿ ಮೇಲೆ 5,000 ಎಂದಿದೆ. ನೀರು, ಪೆಟ್ರೋಲ್, ಸಾಮಾನು, ಜನ ಎಲ್ಲ ಸೇರಿಸಿ ತೂಕ ಹಾಕಿಸಿದಾಗ 13,900 ಬಂತು.

ಮೋಟರ್‌ಹೋಮ್ ಒಂದು ಕಡೆ ನಿಲ್ಲಿಸಿದ ಮೇಲೆ ಸುತ್ತಮುತ್ತ ಓಡಾಡಲು ಕಾರು ಬೇಕು. ನಾಲ್ಕೂ ಚಕ್ರ ನೆಲದ ಮೇಲಿರುವಂತೆ ಟೋ ಬಾರ್ (ಎರಡು ಗಾಡಿ ಜೋಡಿಸುವ ಸರಳು) ಹಾಕಿ ಎಳೆಯುವ ಯೋಚನೆ. ನೋಡುತ್ತಿರುವುದು 2016ರ ಹೋಂಡಾ ಸಿಆರ್-ವಿ, ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಆಟೊಮ್ಯಾಟಿಕ್, ಫೋರ್ಡ್ ಮಾವರಿಕ್. ಮಾರುವವರೆಲ್ಲ “ನ್ಯೂಟ್ರಲ್‌ಗೆ ಹಾಕಿದರೆ ಆಯಿತು, ಯಾವ ಕಾರನ್ನಾದರೂ ಎಳೆಯಬಹುದು” ಎನ್ನುತ್ತಾರೆ. ನಂಬಬಹುದೇ? ಕಾರಿಗೆ ಬೇರೆ ಬ್ರೇಕ್ ವ್ಯವಸ್ಥೆ ಬೇಕೇ ಬೇಕೇ?

ಉತ್ತರ — ಗೇರ್‌ಪೆಟ್ಟಿಗೆ

ನಂಬಬೇಡಿ. ನ್ಯೂಟ್ರಲ್ ಎಂದರೆ ಎಂಜಿನ್ನಿಗೂ ಚಕ್ರಕ್ಕೂ ಸಂಪರ್ಕ ತಪ್ಪಿದೆ ಎಂದಷ್ಟೇ. ಚಕ್ರ ತಿರುಗಿದರೆ ಗೇರ್‌ಬಾಕ್ಸ್‌ನ ಔಟ್‌ಪುಟ್ ಕಡೆಯ ಭಾಗಗಳೂ ತಿರುಗುತ್ತವೆ. ಆಟೊಮ್ಯಾಟಿಕ್‌ನಲ್ಲಿ ಅವಕ್ಕೆ ಎಣ್ಣೆ ಹಾಯಿಸುವ ಪಂಪ್ ಸಾಮಾನ್ಯವಾಗಿ ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಎಳೆದರೆ ಬೇರಿಂಗ್, ಕ್ಲಚ್ ಪ್ಲೇಟ್‌ಗಳು ಎಣ್ಣೆಯಿಲ್ಲದೆ ಉಜ್ಜಿ ಸುಟ್ಟುಹೋಗುತ್ತವೆ. ಎಳೆಯುವಾಗ ಸದ್ದೂ ಕೇಳದು, ವಾಸನೆಯೂ ಬಾರದು. ಇಳಿಸಿ ಓಡಿಸಲು ಹೋದಾಗಲೇ ಗೊತ್ತಾಗುವುದು.

ನಿಮ್ಮ ಪಟ್ಟಿಯಲ್ಲಿ ಮೊದಲು ತೆಗೆದುಹಾಕಬೇಕಾದ್ದು 2016ರ ಸಿಆರ್-ವಿ. 2014ರವರೆಗಿನ ಸಿಆರ್-ವಿಗಳನ್ನು ಎಳೆಯಲು ಹೋಂಡಾ ಒಪ್ಪಿತ್ತು. 2015ರಲ್ಲಿ ಸಿವಿಟಿ (ಹಂತಗಳಿಲ್ಲದ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಬಂತು, ಅನುಮತಿ ಹೋಯಿತು. ಹೊರಗಿನಿಂದ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಜನ ಎಡವುವುದೇ ಇಲ್ಲಿ. ಸಿಆರ್-ವಿಯೇ ಬೇಕೆಂದರೆ 2012ರಿಂದ 2014ರೊಳಗಿನದನ್ನು ಹುಡುಕಿ. ಅದಕ್ಕೂ ಕ್ರಮವಿದೆ: ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ಎಲ್ಲ ಗೇರ್‌ಗಳಿಗೂ ಒಮ್ಮೆ ಹಾಕಿ, ಡಿಯಲ್ಲಿ (ಡ್ರೈವ್) 5 ಸೆಕೆಂಡ್ ನಿಲ್ಲಿಸಿ, ಆಮೇಲೆ ಎನ್‌ಗೆ (ನ್ಯೂಟ್ರಲ್) ತಂದು 3 ನಿಮಿಷ ಎಂಜಿನ್ ಓಡಲು ಬಿಟ್ಟು ಆಫ್ ಮಾಡಬೇಕು. ಆರ್‌ನಿಂದ (ರಿವರ್ಸ್) ನೇರವಾಗಿ ಎನ್‌ಗೆ ತಂದು ಬಿಡಬಾರದು. 8 ಗಂಟೆಗೊಮ್ಮೆ ಇದನ್ನೇ ಮತ್ತೆ ಮಾಡಬೇಕು, ವೇಗ 65 ಮೈಲಿ ದಾಟಬಾರದು.

ಮಾವರಿಕ್‌ನಲ್ಲಿ ವಿಚಿತ್ರ ಎನಿಸುವ ಸಂಗತಿಯಿದೆ. ಮುಂಚಕ್ರ ಚಾಲನೆಯ ಹೈಬ್ರಿಡ್ ಮಾವರಿಕ್ ಅನ್ನು ಎಳೆಯಬಹುದು, 2.0 ಲೀಟರ್ ಟರ್ಬೊ ಪೆಟ್ರೋಲ್‌ನದನ್ನು ಎಳೆಯುವಂತಿಲ್ಲ. ಹಾಗೆಂದು “ಹೈಬ್ರಿಡ್ ಆದರೆ ಸಾಕು” ಎಂದುಕೊಳ್ಳಬೇಡಿ. ಚಕ್ರಕ್ಕೆ ಸದಾ ಸೇರಿಕೊಂಡ ಮೋಟರ್ ಎಳೆಯುವಾಗ ವಿದ್ಯುತ್ ಹುಟ್ಟಿಸುತ್ತದೆ, ಬಿಸಿಯಾಗುತ್ತದೆ. ಟೆಸ್ಲಾ ಕಾರುಗಳನ್ನು ಚಕ್ರ ನೆಲದ ಮೇಲಿಟ್ಟು ಎಳೆಯಬಾರದೆನ್ನುವುದು ಇದಕ್ಕೇ.

ಕಾರು ನೋಡಲು ಹೋದಾಗ ಗ್ಲೋವ್ ಬಾಕ್ಸ್‌ನಲ್ಲಿರುವ ಓನರ್ಸ್ ಮ್ಯಾನ್ಯುಯಲ್ ತೆಗೆದು “ರಿಕ್ರಿಯೇಷನಲ್ ಟೋಯಿಂಗ್” ಪುಟ ಓದಿ. ಅದೇ ವರ್ಷ, ಅದೇ ಎಂಜಿನ್, ಅದೇ ಗೇರ್‌ಬಾಕ್ಸ್‌ನ ಪುಸ್ತಕವೇ ಆಗಿರಬೇಕು. ಕೆಟ್ಟು ನಿಂತಾಗ ಎಳೆಯುವ ಬಗ್ಗೆ ಬರೆದ ಪುಟ ಬೇರೆ, ಅದನ್ನು ಇದಕ್ಕೆ ಹೊಂದಿಸಬೇಡಿ.

ಉತ್ತರ — ತಕ್ಕಡಿ

ಲೆಕ್ಕಕ್ಕೆ ಬರೋಣ. 22,000ದಲ್ಲಿ 13,900 ಕಳೆದರೆ 8,100 ಉಳಿಯುತ್ತದೆ, ಆದರೆ ನಿಮ್ಮ ಮಿತಿ 8,100 ಅಲ್ಲ, 5,000. ಕ್ಲಾಸ್ ಸಿ ಗಾಡಿಗಳಲ್ಲಿ ಷಾಸಿಯ ಹಿಂಭಾಗಕ್ಕೆ ಬೆಸುಗೆ ಹಾಕಿ ಉದ್ದ ಮಾಡಿ, ಆ ತುದಿಗೆ ಹಿಚ್ ಕೂರಿಸಿರುತ್ತಾರೆ. ದೊಡ್ಡ ಹಿಚ್ ತಂದು ಹಾಕಿದ ಮಾತ್ರಕ್ಕೆ ಆ ಬೆಸುಗೆಯ ತಾಕತ್ತು ಹೆಚ್ಚುವುದಿಲ್ಲ. ಹಿಚ್, ಬಾಲ್ ಮೌಂಟ್ ಅಥವಾ ಡ್ರಾಪ್ ರಿಸೀವರ್ (ಹಿಚ್‌ನ ಎತ್ತರ ಹೊಂದಿಸುವ ತುಂಡು), ಟೋ ಬಾರ್, ಕಾರಿನ ಬೇಸ್ ಪ್ಲೇಟ್ (ಟೋ ಬಾರ್ ಸಿಕ್ಕಿಸಲು ಕಾರಿನ ಮುಂದೆ ಕೂರಿಸುವ ಚೌಕಟ್ಟು), ಸೇಫ್ಟಿ ಕೇಬಲ್ ಇಷ್ಟರಲ್ಲಿ ಯಾವುದರ ರೇಟಿಂಗ್ ಕಡಿಮೆಯೋ ಅದೇ ಇಡೀ ಸೆಟ್‌ನ ರೇಟಿಂಗ್. 10,000 ಪೌಂಡಿನ ಟೋ ಬಾರ್ ಕೊಂಡರೂ 5,000 ಐದು ಸಾವಿರವೇ.

ಹಳೆ ಸಿಆರ್-ವಿ ಸುಮಾರು 3,500 ಪೌಂಡ್, ಆರಾಮ. ನಾಲ್ಕು ಬಾಗಿಲಿನ ರ‍್ಯಾಂಗ್ಲರ್ 4,000 ದಾಟುತ್ತದೆ. ಹಿಂದಿನ ಮಾಲೀಕ ಉಕ್ಕಿನ ಬಂಪರ್, ವಿಂಚ್, ದೊಡ್ಡ ಟೈರ್ ಹಾಕಿಸಿದ್ದರೆ 5,000ದ ಹತ್ತಿರ ಬಂದುಬಿಡುತ್ತದೆ. ಬ್ರೋಷರ್ ತೂಕ ನೋಡಬೇಡಿ, ಕೊಳ್ಳುವ ಗಾಡಿಯನ್ನೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ.

ಎತ್ತರವನ್ನೂ ಅಳೆಯಿರಿ: ಸಮತಟ್ಟು ನೆಲದಲ್ಲಿ ಹಿಚ್ ರಿಸೀವರ್‌ನ ನಡುವಿನಿಂದ ನೆಲಕ್ಕೆ, ಬೇಸ್ ಪ್ಲೇಟ್ ಕಿವಿಯಿಂದ ನೆಲಕ್ಕೆ. ವ್ಯತ್ಯಾಸ 3 ಇಂಚು ಮೀರಿದರೆ ಡ್ರಾಪ್ ರಿಸೀವರ್ ಹಾಕಿ ಸರಿಮಾಡಲೇಬೇಕು. ಬಾರ್ ಓರೆಯಾಗಿದ್ದರೆ ಬ್ರೇಕ್ ಹೊಡೆದಾಗ ಒತ್ತಡ ನೇರವಾಗಿ ಹಿಂದಕ್ಕೆ ಹೋಗದೆ ಕಾರಿನ ಮೂತಿಯನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತದೆ. ಬೇಸ್ ಪ್ಲೇಟ್ ಬೋಲ್ಟ್‌ಗಳಿಗೆ ಥ್ರೆಡ್‌ಲಾಕರ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿಸಿ, ಮೊದಲ ಪ್ರಯಾಣವಾದ ಮೇಲೆ ಟಾರ್ಕ್ ವ್ರೆಂಚ್ ಇಟ್ಟು ಮತ್ತೆ ನೋಡಿ. ಮುಂದಿನ ಬಂಪರ್ ಹಿಂದೆ ರಾಡಾರ್ ಸೆನ್ಸರ್ ಇರುವ ಕಾರಾದರೆ, ಬೇಸ್ ಪ್ಲೇಟ್ ಅದಕ್ಕೆ ಅಡ್ಡ ಬರುತ್ತದೆಯೇ ಎಂದು ಕಾರು ಕೊಳ್ಳುವ ಮೊದಲೇ ಕೇಳಿ.

ಉತ್ತರ — ಬ್ರೇಕ್‌ಲೈನ್

ಬ್ರೇಕ್ ಬೇಕೇ ಬೇಕು. ಮೋಟರ್‌ಹೋಮ್‌ನ ಬ್ರೇಕ್‌ಗಳನ್ನು ಲೆಕ್ಕ ಹಾಕಿರುವುದು ಅದರ 14,500 ಪೌಂಡಿಗೆ. 22,000 ಎಂಬುದು ಹಿಂದಿನ ಗಾಡಿ ತನ್ನ ಬ್ರೇಕ್ ತಾನೇ ಹಾಕಿಕೊಳ್ಳುತ್ತದೆ ಎಂದುಕೊಂಡು ಬರೆದ ಅಂಕಿ. ಎಷ್ಟು ತೂಕದ ಮೇಲೆ ಬ್ರೇಕ್ ಕಡ್ಡಾಯ ಎಂಬುದು ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆದರೆ 3,500 ಪೌಂಡ್ ಹಿಂದಿನಿಂದ ತಳ್ಳುವಾಗ ಇಳಿಜಾರು ಕಾನೂನು ಕೇಳುವುದಿಲ್ಲ.

ಪೆಡಲ್ ಮುಂದೆ ಇಡುವ ಪೋರ್ಟಬಲ್ ಬ್ರೇಕ್ ಪೆಟ್ಟಿಗೆ ಕೊಂಡರೆ ಒಂದು ಮಾತು ನೆನಪಿಡಿ. ಎಂಜಿನ್ ಆಫ್ ಮಾಡಿದ ಮೇಲೂ ಬ್ರೇಕ್ ಬೂಸ್ಟರ್‌ನಲ್ಲಿ (ಪೆಡಲ್‌ಗೆ ಬಲ ಕೂಡಿಸುವ ಭಾಗ) ವ್ಯಾಕ್ಯೂಮ್ ಉಳಿದಿರುತ್ತದೆ. ಪೆಡಲ್ ಗಟ್ಟಿಯಾಗುವ ತನಕ ಮೂರು ನಾಲ್ಕು ಸಲ ತುಳಿದು ಅದನ್ನು ಖಾಲಿ ಮಾಡಿ, ಆಮೇಲೆ ಪೆಟ್ಟಿಗೆ ಹೊಂದಿಸಿ. ಮಾಡದಿದ್ದರೆ ಮೊದಲ ಬ್ರೇಕ್‌ಗೇ ಚಕ್ರ ಲಾಕ್ ಆಗಿ ಟೈರ್ ಒಂದೇ ಕಡೆ ಸವೆಯುತ್ತದೆ. ಸಿಆರ್-ವಿಯಲ್ಲಿ 8 ಗಂಟೆಗೊಮ್ಮೆ ಎಂಜಿನ್ ಓಡಿಸುತ್ತೀರಲ್ಲ, ಆಗ ವ್ಯಾಕ್ಯೂಮ್ ಮತ್ತೆ ತುಂಬುತ್ತದೆ. ಪ್ರತಿ ಸಲವೂ ಖಾಲಿ ಮಾಡಬೇಕು. ಮಾವರಿಕ್ ಹೈಬ್ರಿಡ್‌ಗೆ ಹಳೆಯ ಥರದ ವ್ಯಾಕ್ಯೂಮ್ ಬೂಸ್ಟರ್ ಇಲ್ಲ, ಎಲೆಕ್ಟ್ರಿಕ್ ಬೂಸ್ಟರ್‌ಗೆ ಹೊಂದುವ ಬ್ರೇಕ್ ವ್ಯವಸ್ಥೆಯನ್ನೇ ಕೇಳಿ ಕೊಳ್ಳಿ.

ಕಾರು ಕಳಚಿಕೊಂಡರೆ ತಾನೇ ಅದರ ಬ್ರೇಕ್ ಹಾಕಿಸುವ ಬ್ರೇಕ್‌ಅವೇ ಸ್ವಿಚ್‌ನ ವೈರನ್ನು ಟೋ ಬಾರ್‌ಗೋ ಡ್ರಾಪ್ ರಿಸೀವರ್‌ಗೋ ಕಟ್ಟಬೇಡಿ, ಮೋಟರ್‌ಹೋಮ್‌ನ ಹಿಚ್ ಚೌಕಟ್ಟಿಗೇ ಕಟ್ಟಿ. ರಿಸೀವರ್ ಪಿನ್ ಕಳಚಿದರೆ ಬಾರ್, ವೈರ್, ಕಾರು ಮೂರೂ ಒಟ್ಟಿಗೆ ಹೋಗುತ್ತವೆ. ಸ್ವಿಚ್ ಎಳೆಯುವವರೇ ಇರುವುದಿಲ್ಲ. ಸೇಫ್ಟಿ ಕೇಬಲ್‌ಗಳು ಬಾರ್ ಕೆಳಗೆ ಅಡ್ಡಡ್ಡ ಹಾದುಹೋಗಲಿ.

ಹಿಂದಿನ ಲೈಟ್‌ಗಳಿಗೆ ಡಯೋಡ್ ಕಿಟ್ (ಮೋಟರ್‌ಹೋಮ್‌ನ ಕರೆಂಟ್‌ನಿಂದ ಕಾರಿನದೇ ಲೈಟ್ ಉರಿಸುವ ವೈರಿಂಗ್) ಹಾಕಬಹುದು, ಇಲ್ಲವೇ ಟೇಲ್ ಲ್ಯಾಂಪ್ ಒಳಗೆ ಪ್ರತ್ಯೇಕ ಬಲ್ಬ್ ಕೂರಿಸಬಹುದು. ಹೊಸ ಕಾರಿಗೆ ಪ್ರತ್ಯೇಕ ಬಲ್ಬೇ ಮೇಲು, ಕಾರಿನ ಕಂಪ್ಯೂಟರ್ ವೈರಿಂಗ್ ಮುಟ್ಟಬೇಕಾಗಿಲ್ಲ. ಜೊತೆಗೆ ಮೋಟರ್‌ಹೋಮ್‌ನಿಂದ ಕಾರಿನ ಬ್ಯಾಟರಿಗೆ ಫ್ಯೂಸ್ ಹಾಕಿದ ಚಾರ್ಜ್ ಲೈನ್ ಎಳೆಸಿ. ಕೀ ಆಕ್ಸೆಸರಿಯಲ್ಲಿದ್ದು ಬ್ರೇಕ್ ಪೆಟ್ಟಿಗೆಯೂ ಕರೆಂಟ್ ಕುಡಿಯುತ್ತಿದ್ದರೆ ಸಂಜೆ ಹೊತ್ತಿಗೆ ಬ್ಯಾಟರಿ ಸತ್ತಿರುತ್ತದೆ.

ದಾರಿಗ

ಧನ್ಯವಾದ, 2016ರ ಸಿಆರ್-ವಿ ಕೈಬಿಟ್ಟೆ. ರ‍್ಯಾಂಗ್ಲರ್ ಕಡೆಗೆ ಮನಸ್ಸು. ಅದಕ್ಕೆ ಗೇರ್ ಕ್ರಮ ಹೇಗೆ? ಸಿಗದಿದ್ದರೆ ಡಾಲಿ (ಕಾರಿನ ಮುಂದಿನ ಎರಡು ಚಕ್ರ ಎತ್ತಿಡುವ ಪುಟ್ಟ ಟ್ರೇಲರ್) ಮೇಲೆ ಬೇರೆ ಕಾರು ಇಡಬಹುದೇ?

ಉತ್ತರ — ಗೇರ್‌ಪೆಟ್ಟಿಗೆ

ರ‍್ಯಾಂಗ್ಲರ್‌ನ ಬಲ ಇರುವುದು ಟ್ರಾನ್ಸ್‌ಫರ್ ಕೇಸ್‌ನಲ್ಲಿ. ಗೇರ್‌ಬಾಕ್ಸ್‌ನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಆ ಪೆಟ್ಟಿಗೆಗೆ ನಿಜವಾದ ನ್ಯೂಟ್ರಲ್ ಇದೆ, ಚಕ್ರ ತಿರುಗಿದರೂ ಗೇರ್‌ಬಾಕ್ಸ್ ನಿಂತೇ ಇರುತ್ತದೆ. ಮೊದಲು ಟೋ ಬಾರ್‌ಗೆ ಜೋಡಿಸಿ, ಹ್ಯಾಂಡ್ ಬ್ರೇಕ್ ಹಾಕಿ. ಬ್ರೇಕ್ ತುಳಿದು ಗೇರ್ ಎನ್‌ಗೆ ತಂದು, ಟ್ರಾನ್ಸ್‌ಫರ್ ಕೇಸ್ ಲಿವರ್ ಅನ್ನು ಎನ್‌ಗೆ ಹಾಕಿ. ಈಗ ಪರೀಕ್ಷೆ: ಎಂಜಿನ್ ಓಡುತ್ತಿರುವಾಗ, ಹ್ಯಾಂಡ್ ಬ್ರೇಕ್ ಬಿಟ್ಟು, ಆರ್‌ಗೆ ಹಾಕಿ 5 ಸೆಕೆಂಡ್ ಬ್ರೇಕ್ ಪೆಡಲ್ ಬಿಡಿ, ಹಾಗೇ ಡಿಯಲ್ಲೂ. ಗಾಡಿ ಮಿಸುಕಬಾರದು. ಮಿಸುಕಿದರೆ ಲಿವರ್ ಪೂರ್ತಿ ಕೂತಿಲ್ಲ. ಹಾಗೇ ಎಳೆದರೆ ಗೇರ್‌ಬಾಕ್ಸ್ ಹೋಯಿತು. ಎಲ್ಲ ಸರಿಯಿದ್ದರೆ ಎಂಜಿನ್ ಆಫ್ ಮಾಡಿ ಗೇರ್ ಪಿಯಲ್ಲಿಡಿ (ಪಾರ್ಕ್). ಬಿಚ್ಚುವಾಗ ಇನ್ನೊಂದು ಅಪಾಯ: ಟ್ರಾನ್ಸ್‌ಫರ್ ಕೇಸ್ ಎನ್‌ನಲ್ಲಿದ್ದರೆ ಪಿ ಹಾಕಿದ್ದರೂ ಗಾಡಿ ಉರುಳುತ್ತದೆ. ಹ್ಯಾಂಡ್ ಬ್ರೇಕ್ ಹಾಕದೆ ಪಿನ್ ತೆಗೆಯಬೇಡಿ.

ಹೊರಟ ಮೇಲೆ ನೇರ ರಸ್ತೆಯಲ್ಲಿ ನಾಲ್ಕು ಮಾರು ಹೋಗಿ ನಿಲ್ಲಿಸಿ, ಬಾರ್‌ನ ಎರಡೂ ಕೈ ಲಾಕ್ ಆಗಿವೆಯೇ, ಕಾರಿನ ಚಕ್ರಗಳು ತಿರುಗುತ್ತಿವೆಯೇ, ಮುಂದಿನ ಚಕ್ರ ಮೋಟರ್‌ಹೋಮ್ ಹಿಂದೆಯೇ ತಿರುಗುತ್ತದೆಯೇ ನೋಡಿ. ಟೈರ್ ಪ್ರೆಷರ್ ಸೆನ್ಸರ್ ಹಾಕಿಸಿ, ಹಿಂದಿನ ಗಾಡಿ ಪಂಕ್ಚರ್ ಆದರೆ ಸ್ಟೀರಿಂಗ್ ಹಿಡಿದವರಿಗೆ ತಿಳಿಯದು.

ಡಾಲಿ ಮುಂಚಕ್ರ ಚಾಲನೆಯ ಕಾರಿಗೆ ಒಳ್ಳೆಯದು, ನಾಲ್ಕೂ ಚಕ್ರ ಚಾಲನೆಯ ಕಾರಿಗೆ ಬೇಡ. ಡಾಲಿಯ ತೂಕವನ್ನೂ ನಿಮ್ಮ 5,000ದಲ್ಲೇ ಕಳೆಯಬೇಕು, ನಿಲ್ಲಿಸಿದಲ್ಲಿ ಅದನ್ನಿಡಲು ಜಾಗವೂ ಬೇಕು. ಡಾಲಿಯಿರಲಿ ಟೋ ಬಾರ್ ಇರಲಿ, ರಿವರ್ಸ್ ಮಾತ್ರ ಹೋಗಬೇಡಿ: ಮುಂದಿನ ಚಕ್ರ ಒಮ್ಮೆಲೇ ಪೂರ್ತಿ ತಿರುಗಿ ಬಾರ್ ಬಾಗುತ್ತದೆ. ದಾರಿ ತಪ್ಪಿ ಸಿಕ್ಕಿಹಾಕಿಕೊಂಡರೆ ಕಾರು ಬಿಚ್ಚಿ, ಮೋಟರ್‌ಹೋಮ್ ತಿರುಗಿಸಿಕೊಂಡು, ಮತ್ತೆ ಮೊದಲ ಹೆಜ್ಜೆಯಿಂದ ಕಟ್ಟಿ.